ಪಾಠದ ತಯಾರಿಗೆ ಗ್ರಂಥಪಾಲಕರನ್ನೂ ಕರೆಯಿರಿ

ನಮ್ಮ ಅನೇಕ ಪ್ರೌಢಶಾಲೆಗಳಲ್ಲಿ ಗ್ರಂಥಾಲಯವೆಂದರೆ ಶಿಕ್ಷಕರ ಕೊಠಡಿಯ ಮೂಲೆಯಲ್ಲಿರುವ ಒಂದೆರಡು ಬೀರು ಮತ್ತು ಒಂದು ದಾಸ್ತಾನು ವಹಿ. ಅದರ ಹೊಣೆ ಹೊತ್ತ ಮೇಷ್ಟ್ರಿಗೆ ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಲ್ಲ ಎಂಬ ಅಳುಕು. ಬೀಗ ತೆಗೆಯುವುದಕ್ಕಿಂತ ಹಾಕಿಡುವುದೇ ಕ್ಷೇಮ. ಗ್ರಂಥಪಾಲಕರಿರುವ ಶಾಲೆಗಳಲ್ಲೂ ಪುಸ್ತಕ ಕೊಟ್ಟು ಬರೆದುಕೊಳ್ಳುವುದು, ಶಿಕ್ಷಕರು ರಜೆ ಹಾಕಿದ ದಿನ ಮಕ್ಕಳನ್ನು ಸುಮ್ಮನಿರಿಸುವುದು, ಇಷ್ಟಕ್ಕೇ ಅವರ ಕೆಲಸ ಮುಗಿಯುವುದುಂಟು. ಮುಂದಿನ ವಾರದ ಪಾಠಕ್ಕೆ ಯಾವ ಪುಸ್ತಕ ಒದಗೀತು ಎಂದು ಶಿಕ್ಷಕರು ಅವರೊಡನೆ ಕೂತು ಮಾತಾಡುವುದು ಅಪರೂಪ. ಪುಸ್ತಕಗಳ ಸಂಖ್ಯೆ ಹೆಚ್ಚಿಸುವುದಕ್ಕೂ ಮೊದಲು ಆಗಬೇಕಾದದ್ದು ಈ ಮಾತುಕತೆ.

ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ತಕ್ಕ ಪುಸ್ತಕ ಸಿಗಬೇಕೆನ್ನುತ್ತದೆ. ಶಾಲೆಯ ಮಟ್ಟಿಗೆ ಈ ಸೂತ್ರವನ್ನು ಒಬ್ಬರೇ ಪಾಲಿಸಲಾಗದು. ತರಗತಿ ಎಲ್ಲಿ ಎಡವುತ್ತಿದೆ ಎಂಬುದು ಶಿಕ್ಷಕರಿಗೆ ಗೊತ್ತು; ಆ ತೊಡಕು ಬಿಡಿಸುವ ಪುಸ್ತಕ ಎಲ್ಲಿದೆ ಎಂಬುದು ಗ್ರಂಥಪಾಲಕರಿಗೆ ಗೊತ್ತು. ಅಮೆರಿಕದ ಕೊಲೊರಾಡೊದಲ್ಲಿ ಸಂಶೋಧಕ ಕೀತ್ ಕರಿ ಲ್ಯಾನ್ಸ್ ಮತ್ತು ಸಂಗಡಿಗರು ಶಾಲಾ ಗ್ರಂಥಾಲಯಗಳ ಬಗ್ಗೆ ನಡೆಸಿದ ಅಧ್ಯಯನಗಳಲ್ಲಿ ಎರಡನೆಯದು 2000ದಲ್ಲಿ ಹೊರಬಂತು. ಗ್ರಂಥಪಾಲಕರು ಶಿಕ್ಷಕರ ಜೊತೆ ಸೇರಿ ದುಡಿಯುವ ಶಾಲೆಗಳ ಮಕ್ಕಳು ಓದಿನ ಪರೀಕ್ಷೆಯಲ್ಲಿ ಮುಂದಿದ್ದರು ಎಂದು ಅದು ತೋರಿಸಿತು. ಒಳ್ಳೆಯ ಶಾಲೆಗಳಲ್ಲಿ ಒಳ್ಳೆಯ ಗ್ರಂಥಾಲಯವೂ ಇರುತ್ತದೆ, ಅಷ್ಟೇ ಅಲ್ಲವೇ ಎಂದು ಕೇಳಬಹುದು. ಇಂಥ ಅಧ್ಯಯನಗಳು ಕಾರ್ಯಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೆ ಪೋಷಕರ ಬಡತನ, ಓದಿನ ಮಟ್ಟ ಇಂಥವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಅಳಿಸಿಹೋಗಲಿಲ್ಲ ಎಂಬುದನ್ನು ತಳ್ಳಿಹಾಕಲಾಗದು.

ಸ್ವಾತಂತ್ರ್ಯ ಚಳವಳಿಯ ಪಾಠವನ್ನೇ ತೆಗೆದುಕೊಳ್ಳಿ. 1938ರ ವಿದುರಾಶ್ವತ್ಥದ ಗೋಲಿಬಾರ್, 1942ರ ಈಸೂರು ಹೋರಾಟ ಪಠ್ಯದಲ್ಲಿ ನಾಲ್ಕಾರು ಸಾಲಿನಲ್ಲಿ ಮುಗಿದುಬಿಡುತ್ತವೆ. ಪಾಠಕ್ಕೆ ಹದಿನೈದು ದಿನ ಮೊದಲೇ ವಿಷಯ ತಿಳಿದರೆ ಗ್ರಂಥಪಾಲಕರು ಜಿಲ್ಲಾ ಗೆಜೆಟಿಯರು, ಹೋರಾಟಗಾರರ ನೆನಪಿನ ಬರಹ, ಒಂದು ಕಾದಂಬರಿ ಹುಡುಕಿಡಬಲ್ಲರು. ಒಂದೇ ಘಟನೆಯ ಎರಡು ವಿವರಣೆ ಎದುರಿಗಿಟ್ಟು, ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂದು ಶಿಕ್ಷಕರು ಕೇಳಬಲ್ಲರು. ಆಗ ಅಂಗಡಿಯಿಂದ ತಂದ ಚಾರ್ಟಿನಲ್ಲಿ ಮುಗಿಯುತ್ತಿದ್ದ ಪ್ರಾಜೆಕ್ಟ್ ನಿಜವಾದ ಹುಡುಕಾಟವಾಗುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಇದಕ್ಕೆಲ್ಲ ಪುರಸೊತ್ತೆಲ್ಲಿ ಎಂಬುದು ಶಿಕ್ಷಕರ ನ್ಯಾಯವಾದ ಆಕ್ಷೇಪ. ಎಲ್ಲ ಪಾಠಕ್ಕೂ ಹೀಗೆ ಮಾಡಬೇಕಿಲ್ಲ. ಒಂದು ವಿಷಯಕ್ಕೆ ಸೆಮಿಸ್ಟರಿಗೊಂದು ಪಾಠ ಸಾಕು. ಆಂತರಿಕ ಅಂಕಗಳಿಗಾಗಿ ಚಟುವಟಿಕೆ ಹೇಗೂ ಮಾಡಿಸಲೇಬೇಕು, ಆ ಹೊತ್ತನ್ನೇ ಇದಕ್ಕೆ ತಿರುಗಿಸಿದರಾಯಿತು. ಮೊಬೈಲಿನಲ್ಲೇ ಎಲ್ಲ ಸಿಗುತ್ತದೆ ಎನ್ನುವವರೂ ಇದ್ದಾರೆ. ಸಿಗುತ್ತದೆ, ಜೊತೆಗೆ ಸುಳ್ಳೂ ಸಿಗುತ್ತದೆ. ಎರಡನ್ನೂ ಬೇರ್ಪಡಿಸುವುದನ್ನು ಕಲಿಸಲು ಶಿಕ್ಷಕರು, ಗ್ರಂಥಪಾಲಕರು ಇಬ್ಬರೂ ಬೇಕು. ಉತ್ತರಿಸಲು ಕಷ್ಟವಾದ ಪ್ರಶ್ನೆ ಇನ್ನೊಂದಿದೆ: ಸರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರು ಎಲ್ಲಿದ್ದಾರೆ? ಹುದ್ದೆ ಕೊಡಬೇಕಾದದ್ದು ಸರ್ಕಾರದ ಕೆಲಸ, ಅದಕ್ಕೆ ಬದಲಿಯಿಲ್ಲ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ, ಅವುಗಳಿಗೆ ಮೇಲ್ವಿಚಾರಕರೂ ಇದ್ದಾರೆ. ವರ್ಷದ ಪಾಠ ಯೋಜನೆಯ ಒಂದು ಪ್ರತಿಯನ್ನು ಮುಖ್ಯ ಶಿಕ್ಷಕರು ಜೂನ್‌ನಲ್ಲೇ ಅವರ ಕೈಗೆ ಕೊಡಬಹುದು. ಪುಸ್ತಕ ಹರಿದರೆ, ಕಳೆದರೆ ಮೇಷ್ಟ್ರ ಸಂಬಳಕ್ಕೆ ಕತ್ತರಿ ಬೀಳದು ಎಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು. ಎರಡಕ್ಕೂ ದುಡ್ಡು ಬೇಕಿಲ್ಲ. ಓದಿ ಹರಿದ ಪುಸ್ತಕ ನಷ್ಟವಲ್ಲ. ಹೊಸದಾಗಿಯೇ ಉಳಿದು ಗೆದ್ದಲು ಹಿಡಿದ ಪುಸ್ತಕವೇ ನಷ್ಟ.