ಕಿತ್ತಿದ್ದು ಸೊಪ್ಪು, ಸಿಕ್ಕಿಬಿದ್ದಿದ್ದು ಗಿಡ!

ಗಾಂಜಾ ಗಿಡದ ಎಲೆ ಕಿತ್ತರೆ ಹೂವು ಚೆನ್ನಾಗಿ ಬಲಿಯುತ್ತದಂತೆ. ಕಿತ್ತ ಸೊಪ್ಪಿಗೆ ಕೇಸೇ ಇಲ್ಲವಂತೆ. ಮೊಬೈಲಿನಲ್ಲಿ ಹುಟ್ಟಿದ ಈ ಎರಡು ‘ಅಂತೆ’ಗಳು ಈಗ ಬಸ್ಸಿನ ಹಿಂದಿನ ಸೀಟಿನಿಂದ ಗೊಬ್ಬರದಂಗಡಿ ಜಗಲಿವರೆಗೂ ಓಡಾಡುತ್ತಿವೆ. ಎರಡೂ ಅರ್ಧ ಸತ್ಯ. ಆದರೆ ಅರ್ಧ ಸತ್ಯ ನಂಬಿ ಹೊಲದಲ್ಲಿ ನಾಲ್ಕು ಗಿಡ ಬಿಟ್ಟವನಿಗೆ ಶಿಕ್ಷೆ ಮಾತ್ರ ಅರ್ಧ ಬರುವುದಿಲ್ಲ.

ಮೊದಲು ಬೇಸಾಯದ ಮಾತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತನಿಗೆ ಕಿತ್ತು ಬೆಳೆಸುವ ವಿದ್ಯೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಹೂವಿನ ಕುಡಿ ಚಿವುಟುತ್ತಾನೆ, ಎಲೆ ದಪ್ಪವಾಗುತ್ತದೆ. ಅವನ ಕಾಸು ಇರುವುದು ಎಲೆಯಲ್ಲಿ. ಗಾಂಜಾದಲ್ಲಿ ಲೆಕ್ಕ ಉಲ್ಟಾ. ಕಾಸು ಹೂವಿನಲ್ಲಿ, ಹಾಗಾಗಿ ಎಲೆಯ ಮೇಲೆ ಕೈ.

ಕೆನಡಾದಲ್ಲಿ 2018ರ ಅಕ್ಟೋಬರಿನಿಂದ ಇದು ಕಾನೂನು ಒಪ್ಪಿದ ವ್ಯಾಪಾರ. ಅಲ್ಲಿ ಲೈಸೆನ್ಸ್ ಪಡೆದ ಎಷ್ಟೋ ಕಂಪನಿಗಳು ಮುಚ್ಚಿದ ಕೋಣೆಯೊಳಗೆ, ವಿದ್ಯುದ್ದೀಪದ ಕೆಳಗೆ ಗಿಡ ಬೆಳೆಸುತ್ತವೆ. ದೀಪ ನೆತ್ತಿಯ ಮೇಲೆ ನಿಂತಲ್ಲೇ ನಿಂತಿರುತ್ತದೆ. ಮೇಲಿನ ಅಗಲ ಎಲೆ ಕೆಳಗಿನ ಹೂವಿಗೆ ನೆರಳು ಮಾಡುತ್ತದೆ. ಗಾಳಿಯಾಡದೆ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಅವರು ಎಲೆ ತೆಗೆಯುವುದು. ಇಸ್ರೇಲಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ ಜಾಡಿನದು. ಕೆಳಭಾಗದ ಎಲೆ, ಕೊಂಬೆ ತೆಗೆದಾಗ ಮೇಲಿನ ಹೂವಿಗೂ ಕೆಳಗಿನ ಹೂವಿಗೂ ಸತ್ವದಲ್ಲಿ ಇರುವ ವ್ಯತ್ಯಾಸ ಕಡಿಮೆಯಾಯಿತು. ಔಷಧ ಮಾಡುವವರಿಗೆ ಅದು ಬೇಕು. ಬೆಳೆ ದುಪ್ಪಟ್ಟಾಗುವ ಮಾತೇ ಬೇರೆ.

ಎಲೆ ಅಂದರೆ ಗಿಡದ ಅಡಿಗೆಮನೆ ಸ್ವಾಮಿ. ಒಲೆ ಆರಿಸಿ, ಊಟ ಜಾಸ್ತಿ ಬಡಿಸು ಅಂದರೆ ಆಗುತ್ತದೆಯೇ? ಬಯಲಿನಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸುತ್ತುತ್ತಾನೆ, ಗಾಳಿ ಪುಕ್ಕಟೆ ಬೀಸುತ್ತದೆ. ಕೋಣೆಯ ವಿದ್ಯೆ ಹೊಲದಲ್ಲಿ ನಡೆಯುವುದು ಅಷ್ಟಕ್ಕಷ್ಟೇ.

ಹೊಸ ವಿದ್ಯೆಯೂ ಅಲ್ಲ ಬಿಡಿ. ಈಗ ಬಾಂಗ್ಲಾದೇಶಕ್ಕೆ ಸೇರಿದ ನೌಗಾಂವ್ ಸುತ್ತಮುತ್ತ ಬ್ರಿಟಿಷರ ಕಾಲದಲ್ಲಿ ಲೈಸೆನ್ಸ್ ಮೇಲೆ ಗಾಂಜಾ ಬೆಳೆಯುತ್ತಿದ್ದರು. ಗಂಡು ಗಿಡ ಉಳಿದರೆ ಹೂವು ಬೀಜ ಕಟ್ಟುತ್ತದೆಂದು, ಅದನ್ನು ಗುರುತಿಸಿ ಕೀಳುವುದಕ್ಕೇ ಪರಿಣತರನ್ನು ಕರೆಸುತ್ತಿದ್ದರು. 1893-94ರಲ್ಲಿ ಸರ್ಕಾರ ನೇಮಿಸಿದ ಆಯೋಗ ಈ ಬೇಸಾಯ, ವ್ಯಾಪಾರವನ್ನೆಲ್ಲ ವಿಚಾರಿಸಿ ಸಂಪುಟಗಟ್ಟಲೆ ವರದಿ ಬರೆಯಿತು. ಆಗ ಅದು ಬೊಕ್ಕಸಕ್ಕೆ ತೆರಿಗೆ ತರುವ ಬೆಳೆ. ಆ ಕಾಲ ಹೋಯಿತು.

ಈಗ ಕಾನೂನಿಗೆ ಬನ್ನಿ. 1985ರ ಮಾದಕ ವಸ್ತು ಕಾಯಿದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಯಲ್ಲಿಲ್ಲದ ಬೀಜ, ಎಲೆ ಆ ಲೆಕ್ಕಕ್ಕೆ ಬರುವುದಿಲ್ಲ. 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ಹೀಗೇ ಇದೆ. ಉತ್ತರದ ಕಡೆ ಹೋಳಿಗೆ ಕುಡಿಯುವ ಭಂಗಿ ಉಳಿದುಕೊಂಡದ್ದು ಈ ಸಂದಿಯಲ್ಲೇ. ನಮ್ಮ ಹೈಕೋರ್ಟು 2022ರ ಆಗಸ್ಟಿನಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ, ಭಂಗಿ ಈ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಹೇಳಿ ಆರೋಪಿಗೆ ಜಾಮೀನು ಕೊಟ್ಟಿತು. “ನೋಡಿದ್ರಾ, ಸೊಪ್ಪಿಗೆ ಕೇಸಿಲ್ಲ” ಅಂತ ಕುಣಿದವರು ಅಲ್ಲಿಗೇ ಓದು ನಿಲ್ಲಿಸಿದರು. ಜಾಮೀನು ಖುಲಾಸೆಯಲ್ಲ. ರಾಜ್ಯದ ಅಬಕಾರಿ ಕಾಯಿದೆಯೂ ಬೇರೆಯೇ ಇದೆ.

ಅವರು ಓದದೆ ಬಿಟ್ಟದ್ದು ಅದೇ ಕಾಯಿದೆಯ 8ನೇ ಕಲಮು. ಯಾವುದೇ ಗಾಂಜಾ ಗಿಡ ಬೆಳೆಸಕೂಡದು ಎನ್ನುತ್ತದೆ ಅದು. ಹೂವು ಬಿಟ್ಟಿತ್ತೇ, ಎಲೆ ಇತ್ತೇ, ಎಷ್ಟು ಕೇಜಿ ಎನ್ನುವ ಪ್ರಶ್ನೆಯೇ ಅಲ್ಲಿಲ್ಲ. 20ನೇ ಕಲಮಿನ ಪ್ರಕಾರ ಬೆಳೆಸಿದವನಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ನಾರಿಗೆ, ಬೀಜಕ್ಕೆ ಬೆಳೆಯಲು ಉತ್ತರಾಖಂಡದಲ್ಲಿ ಬಿಡುತ್ತಾರಲ್ಲ ಎಂದು ಕೇಳುತ್ತೀರಿ. ಬಿಡುತ್ತಾರೆ, ಪರವಾನಗಿ ಕೈಯಲ್ಲಿದ್ದವನಿಗೆ.

ತೂಕದ ತಕರಾರು ಬರುವುದು ಇಟ್ಟುಕೊಂಡವನಿಗೆ, ಸಾಗಿಸಿದವನಿಗೆ. 1 ಕೇಜಿವರೆಗೆ ಸಣ್ಣ ಪ್ರಮಾಣ. 20 ಕೇಜಿ ಮೀರಿದರೆ ವಾಣಿಜ್ಯ ಪ್ರಮಾಣ: 10ರಿಂದ 20 ವರ್ಷ ಸಜೆ, ಜಾಮೀನೂ ಬಲು ಕಷ್ಟ. ಬೇರು, ಕಾಂಡ, ಸೊಪ್ಪು ಎಲ್ಲ ಒಟ್ಟಿಗೆ ತಕ್ಕಡಿಗೆ ಹಾಕಿದರೋ, ತುದಿ ಬೇರ್ಪಡಿಸಿ ತೂಗಿದರೋ ಎನ್ನುವುದರ ಮೇಲೆ ಒಬ್ಬ ಮನುಷ್ಯನ ವರ್ಷಗಳು ನಿಂತಿರುತ್ತವೆ. ಹಸಿ ಗಿಡ ಹೊರೆಗಟ್ಟಿ ತೂಗಿ ಫೋಟೋ ತೆಗೆಸಿಕೊಂಡರೆ ಪೇಪರಿಗೆ ಚೆಂದ, ಕೋರ್ಟಿಗೆ ಸಾಲದು. ಪೊಲೀಸರು, ಅಬಕಾರಿಯವರು ಈ ಕೆಲಸ ಶುದ್ಧವಾಗಿ ಮಾಡದಿದ್ದರೆ ಕೂಲಿಯವನು ಕಂಬಿ ಎಣಿಸುತ್ತಾನೆ, ದುಡ್ಡು ಹಾಕಿದವನು ಜಾರಿಕೊಳ್ಳುತ್ತಾನೆ.

ಇನ್ನು, ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಊರಿನ ಜಮೀನು ಗುತ್ತಿಗೆ ಕೊಟ್ಟವರು ಇದನ್ನು ಕೇಳಿ. ಜೋಳದ ನಡುವೆ, ಶುಂಠಿಯ ನಡುವೆ ಎರಡು ಸಾಲು ಗಿಡ ನಿಲ್ಲಿಸಿದರೆ ರಸ್ತೆಗೆ ಕಾಣುವುದಿಲ್ಲ. ತನ್ನ ಜಮೀನಿನಲ್ಲಿ ಅಕ್ರಮವಾಗಿ ಬೆಳೆದ ಗಿಡದ ಬಗ್ಗೆ ಕೂಡಲೇ ಪೊಲೀಸರಿಗೋ ಸಂಬಂಧಪಟ್ಟ ಅಧಿಕಾರಿಗೋ ತಿಳಿಸುವುದು ಜಮೀನಿನವನ ಕರ್ತವ್ಯ ಎನ್ನುತ್ತದೆ 46ನೇ ಕಲಮು. ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಅಪರಾಧ. ಗ್ರಾಮದ ಅಧಿಕಾರಿಗಳಿಗೂ 47ನೇ ಕಲಮಿನಲ್ಲಿ ಇಂಥದೇ ಹೊಣೆ ಇದೆ. “ಗುತ್ತಿಗೆಯವನು ಏನು ಬೆಳೆದನೋ ನನಗೇನು ಗೊತ್ತು” ಎಂಬ ಮಾತು ನಿಜವೇ ಆಗಿದ್ದರೂ, ಅದನ್ನು ಸಾಬೀತು ಮಾಡುವಷ್ಟರಲ್ಲಿ ವಕೀಲರ ಫೀಸು, ಕೋರ್ಟಿನ ಅಲೆದಾಟ ಗುತ್ತಿಗೆ ಹಣವನ್ನು ನುಂಗಿ ನೀರು ಕುಡಿದಿರುತ್ತದೆ.

ಆದ್ದರಿಂದ ಭಾನುವಾರ ಅಂಗಡಿ ಬಾಗಿಲು ಹಾಕಿ ಒಮ್ಮೆ ಊರಿನ ಬಸ್ಸು ಹತ್ತಿ. ಬದುವಿನ ಮೇಲಿಂದ ನೋಡಿ ಬರಬೇಡಿ, ಸಾಲಿನೊಳಗೆ ನಡೆದು ನೋಡಿ. ಕರಾರುಪತ್ರದಲ್ಲಿ ಏನು ಬೆಳೆ ಎಂದು ಬರೆಸಿ. ಕಾಣಬಾರದ್ದು ಕಂಡರೆ ನೀವೇ ಕಿತ್ತು ಬಚ್ಚಿಡಲು ಹೋಗದೆ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.