ಊರಿನ ಮನೆಯೋ, ಮಗನ ಫ್ಲಾಟೋ?

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟಕ್ಕೆ ಅಂಟಿಕೊಂಡ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಇರುವುದು ಇಬ್ಬರೇ ವೃದ್ಧರು. ಕೆಲವು ಕಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. "ಅಪ್ಪಾ, ಇನ್ನಾದರೂ ಇಲ್ಲಿಗೆ ಬಂದುಬಿಡು" ಎಂದು ಅಲ್ಲಿಂದ ಕರೆ. "ಈ ವರ್ಷದ ಕೊಯ್ಲು ಮುಗೀಲಿ, ನೋಡೋಣ" ಎಂದು ಇಲ್ಲಿಂದ ಉತ್ತರ. ಕೊಯ್ಲು ಪ್ರತಿವರ್ಷ ಮುಗಿಯುತ್ತದೆ, ತೀರ್ಮಾನ ಮಾತ್ರ ಆಗುವುದಿಲ್ಲ.

ಮಕ್ಕಳ ಆತಂಕ ಸುಳ್ಳಲ್ಲ. ಹಳೆಯ ಮನೆಗಳನ್ನು ಕಟ್ಟಿದ್ದು ಗಟ್ಟಿ ಕಾಲಿನವರಿಗಾಗಿ. ಅಂಗಳದಿಂದ ಜಗಲಿಗೆ ಮೆಟ್ಟಿಲು, ಒಳಗೆ ಎತ್ತರದ ಹೊಸ್ತಿಲು, ಹಿತ್ತಿಲಾಚೆ ಬಚ್ಚಲು, ಅಲ್ಲಿಯವರೆಗೆ ಮಳೆಗಾಲದಲ್ಲಿ ಪಾಚಿಗಟ್ಟುವ ಕಲ್ಲುಹಾಸು. ಜಾರಿ ಬಿದ್ದು ಸೊಂಟ ಮುರಿದರೆ ಎತ್ತಿ ಕೂರಿಸಲು ಪಕ್ಕದ ಮನೆಯಲ್ಲೂ ಇರುವವರು ಮುದುಕರೇ. ಕಾಯಿಲೆ ಗಂಭೀರವಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು.

ಹಿರಿಯರ ಹಟವೂ ಬರೀ ಹಟವಲ್ಲ. ಊರಿನಲ್ಲಿ ಅವರು "ಹೆಗಡೇರು". ಸೊಸೈಟಿಯ ಸಭೆಗೆ, ಗದ್ದೆಯ ಗಡಿ ತಕರಾರಿಗೆ ಅವರ ಮಾತು ಬೇಕು. ಏಳನೇ ಮಹಡಿಯಲ್ಲಿ ಅವರು "703ರ ಅಂಕಲ್". ಬೆಳಿಗ್ಗೆ ಒಂಬತ್ತಕ್ಕೆ ಮನೆಯವರೆಲ್ಲ ಹೊರಟರೆ ಸಂಜೆಯವರೆಗೆ ಮಾತಿಗೆ ಸಿಗುವವನು ಸೆಕ್ಯುರಿಟಿಯವನೊಬ್ಬನೇ. ಅವನಿಗೂ ಎಷ್ಟೋ ಕಡೆ ಕನ್ನಡ ಬಾರದು. ಬಿದ್ದರೆ ಎತ್ತುವವರು ಹಗಲಿನಲ್ಲಿ ಅಲ್ಲೂ ಇಲ್ಲ.

ಹಾಗಾಗಿ ಯಾವ ಮನೆ ಎನ್ನುವುದಕ್ಕಿಂತ, ಕೂಗಿದರೆ ಯಾರು ಬರುತ್ತಾರೆ ಎಂಬುದನ್ನು ಮೊದಲು ಕೇಳಬೇಕು. ನಂಬಿಕಸ್ಥ ಆಳು, ಒಳಗೇ ಕಮೋಡಿನ ಬಚ್ಚಲು, ಗೋಡೆಗೆ ಹಿಡಿಕೆ, ಕರೆದರೆ ಬರುವ ಆಟೋದವನು: ಇಷ್ಟು ಹೊಂದಿಸಿಕೊಂಡರೆ ಊರಿನಲ್ಲೇ ಇನ್ನಷ್ಟು ವರ್ಷ ನೆಮ್ಮದಿಯಾಗಿ ಇರಬಹುದು. ಒಲೆ ಆರಿಸಲು ಮರೆಯುವುದು, ಗುಳಿಗೆ ತಪ್ಪುವುದು, ದಾರಿ ತಪ್ಪುವುದು ಶುರುವಾದರೆ ಮಾತ್ರ ಈ ಲೆಕ್ಕ ಸಾಲದು.

ಹೋಗುವುದೇ ಆದರೆ ಕಾಲು ಗಟ್ಟಿಯಿರುವಾಗಲೇ ಹೋಗಬೇಕು. ಅರವತ್ತೈದರಲ್ಲಿ ಹೋದವರು ಪಾರ್ಕಿನಲ್ಲಿ ಗೆಳೆಯರನ್ನು ಹುಡುಕಿಕೊಳ್ಳುತ್ತಾರೆ, ಬಸ್ಸಿನ ದಾರಿ ಕಲಿಯುತ್ತಾರೆ. ಎಂಬತ್ತೆರಡರಲ್ಲಿ ಆಸ್ಪತ್ರೆಯಿಂದ ನೇರ ಫ್ಲಾಟಿಗೆ ಬಂದವರಿಗೆ ಕಿಟಕಿಯೇ ಊರು. ಮೊದಲು ಒಂದು ಮಳೆಗಾಲ ಇದ್ದು ನೋಡುವುದು ಒಳ್ಳೆಯದು. ಅಲ್ಲಿಯವರೆಗೆ ಊರಿನ ಮನೆ ಮಾರಬಾರದು, ಯಾರ ಹೆಸರಿಗೂ ಬರೆದುಕೊಡಲೂಬಾರದು.

ಈ ಕೊನೆಯ ಮಾತಿಗೆ ಕಾನೂನಿನ ಕಾರಣವೂ ಇದೆ. ಆರೈಕೆಯ ಷರತ್ತಿನ ಮೇಲೆ ಮಾಡಿದ ಆಸ್ತಿ ವರ್ಗಾವಣೆಯನ್ನು, ಪಡೆದವರು ಮಾತು ತಪ್ಪಿದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನ್ಯಾಯಮಂಡಳಿ ರದ್ದು ಮಾಡಬಹುದು. ಆದರೆ ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು 2025ರಲ್ಲಿ ಅದೇ ಕೋರ್ಟ್ ಹೇಳಿದ್ದರೂ, ಪ್ರೀತಿಯ ಭರದಲ್ಲಿ ಬರೆಸಿದ ದಾನಪತ್ರದಲ್ಲಿ ಷರತ್ತಿನ ಒಂದು ಸಾಲು ಇಲ್ಲದಿದ್ದರೆ ಮುಪ್ಪಿನಲ್ಲಿ ಕಚೇರಿ ಅಲೆದಾಟ ತಪ್ಪಿದ್ದಲ್ಲ.

ದೀಪಾವಳಿಗೆ ಮಕ್ಕಳೆಲ್ಲ ಊರಿಗೆ ಬರುತ್ತಾರೆ. ಯಾರೂ ಕಾಯಿಲೆ ಬೀಳದ ಆ ದಿನಗಳಲ್ಲೇ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಈ ಮಾತು ಎತ್ತಿ. ಮೊದಲ ಮಾತು ಅವರೇ ಆಡಲಿ.