ಏರಿಯ ನೆತ್ತಿಯೂ ತೆರೆಯ ಪೆಟ್ಟೂ

ಶಿಕಾರಿಪುರ, ಸೊರಬ ಸೀಮೆಯಲ್ಲಿ ಕೆರೆ ಕೋಡಿ ಬಿದ್ದರೆ ಹಬ್ಬವೇ ಸರಿ. ಆದರೆ ಇನ್ನೊಂದು ಗೇಣು ನೀರು ನಿಲ್ಲಲೆಂದು ಕೋಡಿಗೆ ಮರಳಚೀಲ ಒಟ್ಟುವುದನ್ನು ನಾವು ಖಂಡಿಸದೆ ಇರಲಾರೆವು. ನೀರಿಗೂ ಏರಿಯ ನೆತ್ತಿಗೂ ನಡುವಣ ಆ ತೆರಪು ವ್ಯರ್ಥವಲ್ಲ. ಮುಂಗಾರಿನ ಪಡುಗಾಳಿಗೆ ಏಳುವ ತೆರೆಗಳಿಗಾಗಿ ಬಿಟ್ಟದ್ದು. ಕುಮುದ್ವತಿಯ ಅಂಜನಾಪುರ ಜಲಾಶಯದಲ್ಲಿದ್ದಂತೆ ನೀರಿನ ಹರವು ದೊಡ್ಡದಾದಷ್ಟೂ ತೆರೆ ಎತ್ತರ. ಮೇಲೆ ಹರಿದ ನೀರನ್ನು ಕಲ್ಲುಕಟ್ಟೆ ತಾಳೀತು, ಮಣ್ಣಿನ ಏರಿ ತಾಳದು. ಗಾಡಿ ಓಡಾಡಿ ತಗ್ಗಾದೆಡೆ ತೆರೆ ಹಾರಿತೆಂದರೆ ಹೊರಮೈ ಕೊರೆದು, ಕೊರಕಲು ನೆತ್ತಿಗೇರಿ, ಏರಿಯೇ ಒಡೆಯುವುದು.

5ನೆಯ ಶತಮಾನದಲ್ಲಿಯೇ ಕಾಕುಸ್ಥವರ್ಮನು ತಾಳಗುಂದದಲ್ಲಿ ಕೆರೆ ಕಟ್ಟಿಸಿದ ನಾಡಿದು. ಹಿರಿಯರು ಏರಿಯ ಒಳಮೈಗೆ ಕಲ್ಲು ಹೊದಿಸಿದ್ದು ಅಂದಕ್ಕೆಂದು ಬಗೆದು ಕಿತ್ತೊಯ್ಯುವವರಿಗೆ ಏನೆನ್ನೋಣ! ವೈಶಾಖದಲ್ಲಿಯೇ ಇಲಾಖೆಯವರೂ ಗ್ರಾಮಸ್ಥರೂ ಕೂಡಿ, ಏರಿಯುದ್ದಕ್ಕೂ ಮಟ್ಟ ಹಿಡಿದು ನೋಡಿ, ತಗ್ಗಿಗೆ ಮಣ್ಣು ತುಂಬಿ ಗಟ್ಟಿಸಿ, ಜಾರಿದ ಕಲ್ಲನ್ನು ಕೂರಿಸತಕ್ಕದ್ದು. ಕೋಡಿಯ ಮಟ್ಟವನ್ನು ಯಾರೂ ಮುಟ್ಟಕೂಡದು.